ಕನ್ಯಾ ನೋಡಲು ಲ್ಯಾಬಿಗೆ ಬಂದರು

ಹೋದ ಭಾನುವಾರ ಔರಾದಿನ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಾಗ ನಾನು ಮಲ್ಲಿಗೆ ಮುಡಿದಿದ್ದೆ. ಅದರ ಮೇಲೆ ಪ್ಲಾಸ್ಟಿಕ್ ಟೋಪಿ. ಕಣ್ಣಿಗೆ ದೊಡ್ಡ ಕನ್ನಡಕ, ಕೈಗೆ ನೀಲಿ ಗ್ಲೌಸು. ಇಂಥ ಸಿಂಗಾರ ಯಾವ ಕನ್ಯೆಗೆ ಸಿಕ್ಕೀತು ಹೇಳಿ?

ಆದದ್ದಿಷ್ಟು. ಕುರಿಗಳ ಜ್ವರ ಪತ್ತೆಹಚ್ಚುವ ಟೆಸ್ಟಿಗಾಗಿ ಬೀದರಿನ ಲ್ಯಾಬಿನಲ್ಲಿ ನಾನೊಂದು ಪ್ರೋಟೀನ್ ತಯಾರಿಸುತ್ತೇನೆ (ಹೇಳಿ ಹೇಳಿ ನಿಮಗೆ ಬೇಸರ ತರಿಸಿದ್ದೇನೆ, ಗೊತ್ತು). ಅದನ್ನು ಶುದ್ಧ ಮಾಡುವ ಗಾಜಿನ ಕೊಳವೆಗೆ ಕಾಲಂ ಎನ್ನುತ್ತಾರೆ. ಒಳಗೆ ರವೆಗಿಂತ ಸಣ್ಣ ಮಣಿಗಳು. ಬ್ಯಾಕ್ಟೀರಿಯಾ ಒಡೆದ ರಸ ಹಾಯಿಸಿದರೆ ಪ್ರೋಟೀನ್ ಮಣಿಗೆ ಅಂಟುತ್ತದೆ, ಉಳಿದದ್ದು ಹರಿದುಹೋಗುತ್ತದೆ.

ಬೇಗ ಮುಗಿಸಿ ಭಾಲ್ಕಿಯ ಮನೆಗೆ ಓಡುವ ಅವಸರ. ರಸ ಸೋಸದೆ ಸುರಿದೆ. ಕಾಲಂ ಕಟ್ಟಿಕೊಂಡಿತು. ಉಳಿದ ರಸ ಐಸಿನಲ್ಲಿತ್ತು. ಸಂಜೆಯೊಳಗೆ ಕಾಲಂ ಬಿಡದಿದ್ದರೆ ಮೂರು ತಿಂಗಳ ದುಡಿಮೆ ಮೋರಿಪಾಲು. ನನಗೆ ಅಳುವೇ ಬಂತು.

ಅವ್ವನ ಫೋನು. "ಅವ್ರು ಬಂದು ಕುಂತಾರ. ಬಿಟ್ಟು ಬಾ."

"ಬಿಟ್ರ ಎಲ್ಲಾ ಹಾಳಾಗ್ತದವ್ವಾ."

ಗಂಡಿನ ತಾಯಿ ಫೋನ್ ಇಸಿದುಕೊಂಡರು. "ನೀ ಅಲ್ಲೇ ಇರು ಯವ್ವಾ. ಗಾಡಿ ಅದ, ನಾವೇ ಬರ್ತೇವಿ."

ಬಂದೇಬಿಟ್ಟರು. ಉಪ್ಪಿಟ್ಟಿನ ಡಬ್ಬಿ ಸಮೇತ ಅವ್ವನೂ ಬಂದಳು (ಡಬ್ಬಿ ಬಾಗಿಲ ಹೊರಗೇ ಉಳಿಯಿತು). ಅಷ್ಟೊತ್ತಿಗೆ ನಾನು ಕಾಲಮನ್ನು ತಲೆಕೆಳಗೆ ಮಾಡಿ, ತೆಳುವಾದ ಕಾಸ್ಟಿಕ್ ಸೋಡಾ ನೀರನ್ನು ಹಿಂದಿನಿಂದ ನಿಧಾನಕ್ಕೆ ಬಿಡುತ್ತಿದ್ದೆ. ಎಲ್ಲರನ್ನೂ ದೂರ ನಿಲ್ಲಿಸಿದೆ.

"ಜೋರ್ ಒತ್ತಬಾರ್ದೇನು?" ಗಂಡಿನ ತಂದೆ ಕೇಳಿದರು.

"ಜೋರ್ ಮಾಡಿದ್ರ ಒಳಗಿನ ಮಣಿ ಕುಸೀತಾವ್ರಿ."

ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂಬ ಪ್ರಶ್ನೆಗಳು? ಊಹೂಂ. ನನ್ನವೂ ಸೇರಿ ಐದು ಜೋಡಿ ಕಣ್ಣು ಕೊಳವೆಯ ತುದಿಗೆ ನೆಟ್ಟಿದ್ದವು. ಔರಾದಿನ ಶಾಲೆಯಲ್ಲಿ ಗಣಿತ ಕಲಿಸುವ ಗಂಡು ಶಿವರಾಜ ಅಂತೂ ರೆಪ್ಪೆ ಬಡಿಯುವುದನ್ನೇ ಮರೆತಿದ್ದ.

ಒಂದು ಹನಿ ಇಳಿಯಿತು. ಮತ್ತೊಂದು. ಆಮೇಲೆ ಹಳದಿ ಲೋಳೆ, ಸರಸರನೆ.

"ಬಂತ್ ಬಂತ್!" ಗಂಡಿನ ತಾಯಿ ಚಪ್ಪಾಳೆ ತಟ್ಟಿದರು. ನಾನು ಕುಣಿದೆ. ಅವ್ವ ಹಣೆ ಚಚ್ಚಿಕೊಂಡು ನಕ್ಕಳು. ಹೊಲಸು ಹೊರಬಿದ್ದದ್ದಕ್ಕೆ ಎರಡು ಮನೆತನ ಹಿಗ್ಗಿದ್ದನ್ನು ನಾನು ಅಂದೇ ಕಂಡದ್ದು. ಆಮೇಲೆ ಕಾಲಂ ಚೆನ್ನಾಗಿ ತೊಳೆದು, ಸೋಸಿದ ರಸ ಹಾಯಿಸಿದೆ. ಸಂಜೆಗೆ ಪ್ರೋಟೀನ್ ಕೈಸೇರಿತು.

ನೋಡಿ, ಕನ್ಯಾ ನೋಡುವುದೆಂದರೆ ನಮ್ಮಲ್ಲಿ ತಲೆ ತಗ್ಗಿಸಿ ಕೂತವಳನ್ನು ನೋಡುವುದು. ದುಡಿಯುವ ಹುಡುಗಿ ದುಡಿಯುವಾಗ ಹೇಗಿರುತ್ತಾಳೆ? ಸಿಟ್ಟಾಗುತ್ತಾಳೋ, ತಾಳುತ್ತಾಳೋ? ಯಾರಿಗೂ ಗೊತ್ತಿಲ್ಲ. ಇವರು ಎಲ್ಲವನ್ನೂ ನೋಡಿದರು. ನನ್ನ ಮುಖ ಒಂದನ್ನು ಬಿಟ್ಟು.

"ಹುಡುಗಿ ಪಸಂದ್ ಅದಾಳ್ರಿ," ಎಂದರು ಗಂಡಿನ ತಾಯಿ. ಎಲ್ಲರೂ ನನ್ನತ್ತ ತಿರುಗಿದರು.

"ನಾಳಿ ಔರಾದಿಗೆ ಬರ್ತೇನ್ರಿ," ಎಂದೆ. "ಹಿಂದಿನ ಬೆಂಚಿನ್ಯಾಗ ಕೂತು ಇವ್ರು ಪಾಠ ಹೇಳೋದು ನೋಡ್ತೇನಿ. ಆಮ್ಯಾಲ ಹೇಳ್ತೇನಿ."

ಶಿವರಾಜನ ಮುಖ ಯಾಕೆ ಹಾಗೆ ಬಿಳಿಚಿಕೊಂಡಿತು?