ಬಸ್ರೂರಿನ ಮನೆಗೆ ಬಂದ ಕಿತ್ತಳೆ ಹಾವು

ನನ್ನ ಜಾತಕದಲ್ಲಿ ಸರ್ಪದೋಷವಿದೆ ಎಂದು ಮೊದಲು ಹೇಳಿದವರು ಯಾರು ಎನ್ನುವುದು ನೆನಪಿಲ್ಲ. ಅಮ್ಮ ಅದನ್ನು ಹೇಳುತ್ತಿದ್ದ ರೀತಿ ಮಾತ್ರ ಚೆನ್ನಾಗಿ ನೆನಪಿದೆ. ಯಾರಾದರೂ ಮನೆಗೆ ಬಂದು ಮಗಳಿಗೆ ಎಲ್ಲಾದರೂ ಸಂಬಂಧ ಆಯಿತೇ ಎಂದು ಕೇಳಿದರೆ, ನಾನು ಎದುರಿಗೇ ಕೂತಿದ್ದರೂ ಅವಳಿಗೆ ಸಂಕೋಚವಿರಲಿಲ್ಲ.

"ಅದ್ರ್ ಜಾತಕದಂಗೆ ಹಾವ್ ಕೂಕಂಡಿತ್ತ್. ಯಾರ್ ಬತ್ರ್?" ಎನ್ನುತ್ತಿದ್ದಳು. ಆಮೇಲೆ ಬಂದವರ ಮಕ್ಕಳ ವಿಷಯ ತೆಗೆಯುತ್ತಿದ್ದಳು.

ದೋಷ ಕಳೆಯಲೆಂದು ಆಶ್ಲೇಷಾ ಬಲಿ ಮಾಡಿಸಿದ್ದಾಯಿತು, ನಾಗನ ಕಲ್ಲಿಗೆ ಹಾಲೆರೆದದ್ದಾಯಿತು. ನೋಡಲು ಬಂದವರು ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೋದರು. ಅಪ್ಪ ತೀರಿಕೊಂಡ ಮೇಲೆ ಬಸ್ರೂರಿನ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನನಗೆ ನಲವತ್ತು ದಾಟಿತು. ನೋಡಲು ಬರುವವರು ನಿಂತರು, ಅಮ್ಮನ ಮಾತು ನಿಲ್ಲಲಿಲ್ಲ.

ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಬ್ರಹ್ಮಾವರದವನು. ಮನೆಯಲ್ಲಿ ಅಮೆರಿಕ ಕಡೆಯ ಹಾವು ಸಾಕಿದ್ದ, ಕಾರ್ನ್ ಸ್ನೇಕ್ ಅಂತೆ. ವಿಷವಿಲ್ಲ, ನಾಯಿಮರಿಗಿಂತ ಸಾಧು ಎಂದು ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದ. ಅವನಿಗೆ ಮದುವೆ ಗೊತ್ತಾಯಿತು. ಹಾವಿರುವ ಮನೆಗೆ ಕಾಲಿಡುವುದಿಲ್ಲ ಎಂದು ಹುಡುಗಿ ಕಡ್ಡಿ ಮುರಿದ ಹಾಗೆ ಹೇಳಿದಳು.

"ಯಾರಾರೂ ಸಾಕುವವ್ರ್ ಇದ್ರೆ ಹೇಳಿ," ಎಂದು ಅವನು ಊಟದ ಹೊತ್ತಿನಲ್ಲಿ ಕೇಳಿದಾಗ ಎಲ್ಲರೂ ನಕ್ಕರು.

"ನಾನ್ ಕೊಂಡೋತೆ," ಎಂದೆ.

ಯಾಕೆ ಹಾಗೆಂದೆನೋ. ಇಷ್ಟು ವರ್ಷ ಜಾತಕದಲ್ಲಿ ಅಡಗಿ ಕೂತದ್ದು ಒಮ್ಮೆ ಕಣ್ಣೆದುರಿಗಾದರೂ ಬರಲಿ ಅನಿಸಿರಬೇಕು. ಅಮ್ಮನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆಯೂ ಇತ್ತು.

ಒಂದು ಭಾನುವಾರ ಬ್ರಹ್ಮಾವರಕ್ಕೆ ಹೋಗಿ, ಬಟ್ಟೆಯ ಚೀಲದಲ್ಲಿ ಹಾಕಿ ಕಟ್ಟಿದ ಹಾವನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸು ಬುಟ್ಟಿಯ ಕಡೆ ಬಗ್ಗಿ, "ಎಂತ ಮೀನಾ? ಬಂಗ್ಡೆಯಾ?" ಎಂದು ಕೇಳಿದಳು. ನಾನು ಹೌದೆಂದೆ. ಇವತ್ತು ಬಂಗಡೆ ಚೆನ್ನಾಗಿಲ್ಲವಂತೆ, ನಾನು ಮೋಸ ಹೋಗಿದ್ದೇನಂತೆ. ಕುಂದಾಪುರ ಬರುವವರೆಗೂ ಅದನ್ನೇ ಹೇಳಿದಳು. ಹಾವಿನ ಗಾಜಿನ ಪೆಟ್ಟಿಗೆಯನ್ನು ಬ್ರಹ್ಮಾವರದವನು ಆ ಸಂಜೆಯೇ ರಿಕ್ಷಾದಲ್ಲಿ ತಂದುಕೊಟ್ಟು, ಅಮ್ಮ ಹೊರಗೆ ಬರುವ ಮೊದಲೇ ಹೊರಟುಹೋದ.

ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಕಿತ್ತಳೆ ಬಣ್ಣದ ಮೈ, ಬೆನ್ನ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ.

"ಗಂಡ್ ಸಿಕ್ಲಿಲ್ಲ ಅಂದೇಳಿ ಹಾವ್ ತಂದ್ಯಾ ಹೆಣೆ?" ಎಂದಳು ಅಷ್ಟೇ. ಮುಖ ನೋಡಬೇಕೆಂದುಕೊಂಡವಳು ನಾನೇ ತಲೆ ತಗ್ಗಿಸಿದೆ.

ಹಾವು ನಾನೆಣಿಸಿದ ಹಾಗೆ ಇರಲಿಲ್ಲ. ಪೆಟ್ಟಿಗೆಯಲ್ಲಿ ತೆಂಗಿನ ನಾರಿನ ಪುಡಿ ಹಾಸಿ, ಒಡೆದ ಮಡಕೆಯ ಅರ್ಧವನ್ನು ಕವುಚಿ ಇಟ್ಟಿದ್ದೆ. ಅದು ಮಡಕೆಯ ಅಡಿಗೆ ಹೋದದ್ದು ದಿನಗಟ್ಟಲೆ ಹೊರಗೆ ಬರಲಿಲ್ಲ. ಸತ್ತೇಹೋಯಿತೇನೋ ಎಂದು ಮಡಕೆ ಎತ್ತಿದರೆ ಬಾಲದ ತುದಿಯನ್ನು ಪೆಟ್ಟಿಗೆಯ ಗಾಜಿಗೆ ಪಟಪಟ ಬಡಿಯಿತು. ಕೈ ಹಾಕಿ ಎತ್ತಿಕೊಂಡೆ. ನನ್ನ ಮೈಮೇಲೆಲ್ಲ ಕೊಳೆತ ಮೀನಿಗಿಂತ ಕೆಟ್ಟ ನಾತದ ಏನನ್ನೋ ಬಿಟ್ಟಿತು. ಎಷ್ಟು ಸೋಪು ಹಾಕಿದರೂ ವಾಸನೆ ಹೋಗಲಿಲ್ಲ.

"ಅದ್ಕೂ ನಿನ್ನ್ ಕಂಡ್ರೆ ಆಪ್ದಿಲ್ಲ," ಎಂದಳು ಅಮ್ಮ, ಬಚ್ಚಲಿನ ಹೊರಗೆ ನಿಂತು.

ಬ್ರಹ್ಮಾವರದವನಿಗೆ ಹೇಳಿದೆ. ಅವನು ಬೈದ. "ಮುಟ್ಬೇಡಿ ಅಂದಿದ್ದೆ ಅಲ್ದಾ ಅಕ್ಕ? ಹೊಸ ಜಾಗ ಅದ್ಕ್. ಹೆದ್ರಿಕೆ ಆಯ್ತ್. ಸುಮ್ನೆ ಬಿಡಿ. ತಿಂಬುಕೂ ಕೊಡ್ಬೇಡಿ, ಕಾಂಬುಕೂ ಹೋಗ್ಬೇಡಿ."

ಸುಮ್ಮನೆ ಬಿಟ್ಟೆ. ಯಾರೂ ಬಂದು ನೋಡದೆ ಸುಮ್ಮನೆ ಬಿಟ್ಟರೆ ಸಾಕು ಎನ್ನುವ ಜೀವ ಹೇಗಿರುತ್ತದೆ ಎಂದು ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಧಾನವಾಗಿ ಅದು ಸಂಜೆ ಹೊತ್ತಿನಲ್ಲಿ ತಲೆ ಹೊರಗಿಟ್ಟು ನಾಲಿಗೆ ಆಡಿಸತೊಡಗಿತು. ಅದರ ಆಹಾರಕ್ಕೆ ಐಸಿನಲ್ಲಿಟ್ಟ ಬಿಳಿ ಇಲಿಗಳನ್ನು ಅವನೇ ತರಿಸಿಕೊಟ್ಟಿದ್ದ. ಅವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಡಬ್ಬಿಗೆ ಹಾಕಿ ಇಟ್ಟಿದ್ದೆ. ಅಮ್ಮ ಆವತ್ತಿನಿಂದ ಫ್ರಿಜ್ಜು ಮುಟ್ಟುವುದನ್ನೇ ಬಿಟ್ಟಳು. ಮಗಳು ಮನೆಯಲ್ಲಿ ಇಲಿ ಬೇಯಿಸುತ್ತಾಳೆ ಎಂದು ಮೀನು ಮಾರುವವಳಿಗೂ ಹೇಳಿದಳು. ನಾನು ಇಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಇಕ್ಕಳದಲ್ಲಿ ಹಿಡಿದು ತೋರಿಸುತ್ತಿದ್ದೆ. ಮೊದಲ ಸಲ ಅದು ಬಂದು ಕಚ್ಚಿ, ಮೈ ಸುತ್ತಿ, ಸತ್ತದ್ದನ್ನೇ ಮತ್ತೆ ಕೊಲ್ಲುವಂತೆ ಬಿಗಿದಾಗ, ನಾನು ನೆಲದ ಮೇಲೆ ಕೂತು ಗಟ್ಟಿಯಾಗಿ ನಕ್ಕೆ. ಆ ಮನೆಯಲ್ಲಿ ನಾನು ಹಾಗೆ ನಗದೆ ಬಹಳ ಕಾಲವಾಗಿತ್ತು.

ಆಮೇಲೆ ಅದರ ಕಣ್ಣು ಹಾಲಿನಂತೆ ಮಂಜಾಯಿತು. ಅಮ್ಮ ಗಾಜಿನ ಹತ್ತಿರ ಬಂದು, "ಕಣ್ಣ್ ಹೋಯ್ತ್. ನಿನ್ನ್ ಕೈಗ್ ಬಂದದ್ದ್ ಎಂತ ಒಳ್ಳೇದಾಪುದ್?" ಎಂದಳು. ಕಣ್ಣು ಹೋಗಿರಲಿಲ್ಲ. ಪೊರೆ ಬಿಡುವ ಮೊದಲು ಹಾಗಾಗುತ್ತದೆ. ಮತ್ತೊಂದು ವಾರಕ್ಕೆ ಕಾಲುಚೀಲ ಮಗುಚಿ ಕಳಚಿದಂತೆ ಇಡೀ ಪೊರೆಯನ್ನು ಬಿಟ್ಟು ಹೊಳೆಯುತ್ತ ಹೊರಬಂತು. ಅಮ್ಮ ಆ ಪೊರೆಯನ್ನು ಕಸಬರಿಗೆಯಲ್ಲಿ ಗುಡಿಸಿ ಗದ್ದೆಗೆ ಎಸೆದು, ಸ್ನಾನ ಮಾಡಿ, ನಾಗನ ಕಲ್ಲಿಗೆ ಹಾಲೆರೆಯಲು ಹೋದಳು.

ವರ್ಷ ಕಳೆದು ಬೇಸಗೆ ಬಂದಾಗ ಅದರ ರೀತಿ ಪೂರ್ತಿ ಬದಲಾಯಿತು. ಇಲಿ ತೋರಿಸಿದರೆ ಮುಖ ತಿರುಗಿಸಿತು. ಪೆಟ್ಟಿಗೆಯ ಮೂಲೆ ಮೂಲೆಗೆ ಮೂಗು ಒತ್ತಿ ತಿರುಗಿತು, ಮೂಗಿನ ತುದಿ ಕೆರೆದು ಕೆಂಪಾಯಿತು. ನಾರನ್ನು ಅಗೆದು ಗುಂಡಿ ಮಾಡಿತು. ನೀರಿನ ಬಟ್ಟಲಿನಲ್ಲಿ ಸುತ್ತಿ ಗಂಟೆಗಟ್ಟಲೆ ಮಲಗಿತು. ಹೊಟ್ಟೆಯ ಹಿಂದಿನ ಭಾಗ ಗಂಟು ಗಂಟಾಗಿ ಉಬ್ಬಿತ್ತು. ಗೆಡ್ಡೆಯೆಂದು ನಾನು ಹೆದರಿದೆ. ಬ್ರಹ್ಮಾವರದವನು ಮದುವೆಯಾಗಿ ಬೇರೆ ಕೆಲಸಕ್ಕೆ ಸೇರಿದ್ದ. ಫೋನು ಮಾಡಿ, ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟು ಎಲ್ಲವನ್ನೂ ವಿವರಿಸಿದೆ.

ಅವನು ನಕ್ಕುಬಿಟ್ಟ. "ಗಂಡ್ ಅಂದೇಳಿ ಎಣ್ಸಿದ್ದೆ ನಾನ್. ಹೆಣ್ಣ್ ಕಾಣತ್ತ್ ಅಕ್ಕ. ಮೊಟ್ಟೆ ಇಡುಕೆ ಜಾಗ ಹುಡ್ಕುದ್ ಅದ್."

"ಒಂದೇ ಇಪ್ಪುದಲ್ದಾ? ಮೊಟ್ಟೆ ಹ್ಯಾಂಗ್ ಆಪುದ್?"

"ಗಂಡಿಲ್ದಿದ್ರೂ ಇಡತ್ತ್. ಎಲ್ಲ ಜೊಳ್ಳ್. ಮರಿ ಬಪ್ಪುದಿಲ್ಲ. ಇಟ್ಟ್ ಆದ್ಮೇಲೆ ತೆಗ್ದ್ ಬಿಸಾಡಿ."

ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ತುರಿಮಣೆಯಿಂದ ತಲೆಯೆತ್ತದೆ, "ಅದಾರೂ ಜೊಳ್ಳೋ ಎಂತದೋ ಇಡತ್ತ್. ನಿನ್ನ್ ಕೈಯಂಗೆ ಅದೂ ಆಯ್ಲಿಲ್ಲ," ಎಂದಳು. ಕಾಯಿ ತುರಿಯುವ ಸದ್ದು ನಿಲ್ಲಲೇ ಇಲ್ಲ.

ಒದ್ದೆ ಪಾಚಿ ತುಂಬಿದ ಡಬ್ಬಿ ಇಟ್ಟುಕೊಟ್ಟೆ. ಹಾವು ಅದರೊಳಗೆ ಹೋಗಿ ಹಗಲೆಲ್ಲ ಮೈ ಹಿಂಡಿ ಹಿಂಡಿ ಮೊಟ್ಟೆ ಇಟ್ಟಿತು. ಹಳದಿಯಾದ, ಮೆತ್ತಗಿನ, ಒಂದಕ್ಕೊಂದು ಅಂಟಿಕೊಂಡ ಮೊಟ್ಟೆಗಳು. ಎರಡನೆಯ ದಿನಕ್ಕೇ ಒಣದ್ರಾಕ್ಷಿಯಂತೆ ಕುಗ್ಗಿದವು. ಅದು ಮಾತ್ರ ಅವುಗಳ ಸುತ್ತ ಮೈ ಸುತ್ತಿಕೊಂಡು, ನಾನು ಕೈ ಹಾಕಿದರೆ ಹಾರಿಬಂತು. ಅಷ್ಟು ಸಾಧುವಾದದ್ದು ಮೊದಲ ಸಲ ನನ್ನನ್ನು ಕಚ್ಚಿತು. ಬಟ್ಟೆ ಹಾಕಿ ತಲೆ ಮುಚ್ಚಿ, ಮೊಟ್ಟೆಯನ್ನೆಲ್ಲ ಕಿತ್ತು ತೆಗೆದು ಹಿತ್ತಲಲ್ಲಿ ಹುಗಿದೆ. ಸಂಜೆಯವರೆಗೂ ಅದು ಖಾಲಿ ಡಬ್ಬಿಯೊಳಗೆ ಮೂಗು ಆಡಿಸಿ ಹುಡುಕಿತು. ಬೆನ್ನೆಲುಬು ಎದ್ದು ಕಾಣುವಷ್ಟು ಸೊರಗಿತ್ತು. ಸಣ್ಣ ಇಲಿಗಳನ್ನು ಕೊಟ್ಟು, ದಿನವೂ ನೋಡಿಕೊಂಡು, ಮತ್ತೆ ಮೈ ಹಿಡಿಯುವಂತೆ ಮಾಡುತ್ತಿದ್ದೆ.

ಮಳೆ ಶುರುವಾಗುವ ಹೊತ್ತಿಗೆ ಬೈಂದೂರು ಕಡೆಯ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡವರು, ಮುಂಬೈಯಲ್ಲಿ ಹೋಟೆಲು ಇದ್ದವರು. ಅಮ್ಮ ನನಗೆ ಹೇಳಿದ್ದು ಅವರು ಬರುವ ಹಿಂದಿನ ದಿನ. ಆ ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಪೆಟ್ಟಿಗೆ ಖಾಲಿಯಿತ್ತು. ನಾರನ್ನೂ ಚೆಲ್ಲಿ, ಗಾಜು ತೊಳೆದು, ಬಿಸಿಲಿಗೆ ಕವುಚಿದ್ದಳು.

"ಎಲ್ಲಿತ್ತ್ ಅಮ್ಮ?"

"ಹಾವ್ ಹಿಡಿವವ ಬಂದಿದ್ದ. ಕಾಡಿನ್ ಜೀವ ಕಾಡಿಗ್ ಹೋಯ್ತ್. ನಾಳೆ ಬಪ್ಪುವವ್ರ್ ಕಂಡ್ರೆ ಎಂತ ಹೇಳ್ತ್ರ್?"

ಹಾವು ಹಿಡಿಯುವವನ ನಂಬರು ಹುಡುಕಿ ಫೋನು ಮಾಡಿದೆ. ಅವನಿಗೆ ಖುಷಿಯೇ. "ಕೊಲ್ಲೂರ್ ಬದಿ ಕಾಡಂಗೆ ಬಿಟ್ಟ್ ಬಂದೆ ಅಕ್ಕ. ಪಾಪದ್ ಹಾವ್. ಬಿಟ್ರೂ ಓಡ್ಲಿಲ್ಲ. ಬಿಟ್ಟಲ್ಲೇ ಕೂಕಂಡಿತ್ತ್, ನನ್ನ್ ಬದಿಯೇ ಕಾಂಬುದ್."

ಅದಕ್ಕೆ ಓಡಲು ಗೊತ್ತಿರಲಿಲ್ಲ ಎಂದು ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಮೊಟ್ಟೆಯೊಡೆದು ಬಂದ ದಿನದಿಂದ ಗಾಜಿನೊಳಗೆ ಬೆಳೆದದ್ದು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಲ್ಲೂರಿನ ಕಡೆ ಹೊರಟೆ. ಅವನು ಹೇಳಿದ ತಿರುವಿನಲ್ಲಿ ಇಳಿದು, ಒದ್ದೆ ಎಲೆಗಳನ್ನು ಕೋಲಿನಿಂದ ಸರಿಸುತ್ತ ಹುಡುಕಿದೆ. ಮಳೆ ಜಿನುಗುತ್ತಿತ್ತು. ಹಸಿರು ಕಾಡಿನಲ್ಲಿ ಆ ಕಿತ್ತಳೆ ಬಣ್ಣ ಎಷ್ಟು ದೂರದಿಂದಲೂ ಕಾಣುತ್ತದೆ. ನನಗೆ ಕಾಣದಿದ್ದರೆ, ನನಗಿಂತ ಮೊದಲೇ ಬೇರೆ ಯಾವುದಕ್ಕೋ ಕಂಡಿತ್ತು ಎಂದೇ ಅರ್ಥ. ದೇವಸ್ಥಾನಕ್ಕೆ ಹೋಗುತ್ತಿದ್ದ ಜೀಪೊಂದು ನಿಂತಿತು. ಒಳಗಿನಿಂದ ಯಾರೋ, ಏನು ಕಳೆದುಕೊಂಡಿರಿ ಎಂದು ಕೇಳಿದರು. ಕಿವಿಯ ಬೆಂಡೋಲೆ ಎಂದೆ.

ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಬೈಂದೂರಿನವರು ಆಗಲೇ ಬಂದು ಕೂತಿದ್ದರು, ಅವರು ಮತ್ತು ಅವರ ಅಕ್ಕ. ಸೀರೆಯ ಅಂಚಿನ ಕೆಸರಿನಲ್ಲೇ ಹೋಗಿ ಎದುರು ಕೂತೆ. ಅಮ್ಮನ ಕಣ್ಣು ನನ್ನನ್ನು ಸುಡುತ್ತಿತ್ತು. ಅವರು ಕೆಟ್ಟವರಂತೆ ಕಾಣಲಿಲ್ಲ. ದಣಿದ ಮುಖ, ಮೆಲ್ಲಗಿನ ಮಾತು. ಮಾತಾಡಿದ್ದೆಲ್ಲ ಅಕ್ಕನೇ.

"ಜಾತಕದಂಗೆ ಎಂತೋ ಸರ್ಪದೋಷ ಇತ್ತ್ ಅಂಬ್ರಲೆ?" ಎಂದು ಆಕೆ ಅಮ್ಮನನ್ನು ಕೇಳಿದರು.

"ಅದೆಲ್ಲ ಪರಿಹಾರ ಆಯ್ತ್," ಎಂದಳು ಅಮ್ಮ. ಅಷ್ಟು ಮೆದುವಾದ ಅಮ್ಮನ ದನಿಯನ್ನು ನಾನು ಕೇಳಿಯೇ ಇರಲಿಲ್ಲ.

"ಹೌದ್," ಎಂದೆ ನಾನು. "ಹಾವ್ ಇದೇ ಮನಿಯಂಗೆ ಇತ್ತ್, ನನ್ನ್ ಕೋಣೆಯಂಗೆ. ನಾನೇ ಸಾಕಿದ್ದೆ. ಮೊಟ್ಟೆ ಇಟ್ಟ್ ಸೊರಗಿತ್ತ್. ನೀವ್ ಬತ್ರಿ ಅಂದೇಳಿ ಅಮ್ಮ ನಿನ್ನೆ ಅದನ್ನ್ ಕೊಲ್ಸಿದ್ಲ್."

"ಕೊಲ್ಸ್ಲಿಲ್ಲ! ಕಾಡಿಗ್ ಬಿಡ್ಸಿದ್ದ್!" ಅಮ್ಮ ಎದ್ದು ನಿಂತಳು.

ಹಾವನ್ನು ಕೊಲ್ಲಿಸಿದ ಮನೆ ಎಂಬ ಮಾತು ಬಂದರೆ ನಮ್ಮ ಕಡೆ ಯಾರೂ ಅಲ್ಲಿಂದ ಹೆಣ್ಣು ತರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಶಬ್ದವನ್ನು ಆರಿಸಿದ್ದೆ. ಆ ಅಕ್ಕ ಕೈಯಲ್ಲಿದ್ದ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಬಸ್ಸಿಗೆ ಹೊತ್ತಾಯಿತು ಎಂದರು, ಅವರು ಕಾರಿನಲ್ಲಿ ಬಂದವರು. ತಮ್ಮ ಮಾತ್ರ ಅಂಗಳದಲ್ಲಿ ಒಮ್ಮೆ ತಿರುಗಿ ನೋಡಿದರು.

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. "ನಾನ್ ಸತ್ರೆ ನಿನ್ನ್ ಯಾರ್ ಕಾಂಬುದ್? ಅದ್ಕೇ ಮಾಡಿದ್ದ್ ನಾನ್," ಎಂದಳು. ನಿಜವೇ ಇದ್ದೀತು. ನಾನು ಬಾಗಿಲಿನಲ್ಲಿ ನಿಂತು ಅವಳು ಅಳುವುದನ್ನು ಕೊನೆಯವರೆಗೂ ನೋಡಿದೆ. ಹತ್ತಿರ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಎಂದಿನಂತೆ, "ಬುತ್ತಿಗ್ ಎಂತ ಹಾಕ್ಲಿ?" ಎಂದು ಕೇಳಿದಳು.

"ಎಂತದೂ ಬೇಡ," ಎಂದೆ.

ಅಂದಿನಿಂದ ನನ್ನ ಬುತ್ತಿ ನಾನೇ ಕಟ್ಟಿಕೊಳ್ಳುತ್ತೇನೆ. ಅವಳು ಒಲೆಯ ಹತ್ತಿರ ನಿಂತು ನೋಡುತ್ತಿರುತ್ತಾಳೆ.