ಕೈಗೆ ಗೋಡೆ ಸಿಗದ ಮನೆ

ಬಳ್ಳಾರಿಯ ನಮ್ಮ ಬೀದಿಯಲ್ಲಿ ಈಗ ಮಾರಾಟಕ್ಕಿರುವ ದೊಡ್ಡ ಮನೆಯನ್ನು ಕಟ್ಟಿಸಿದವರು ಸಿರುಗುಪ್ಪದ ಒಬ್ಬ ರೈಸ್ ಮಿಲ್ ಯಜಮಾನರು. ಹೆಂಡತಿಯ ಕಣ್ಣು ಮಂಜಾಗುತ್ತ ಬಂದಿತ್ತು. ಆಕೆ ಬೆರಳಿನಿಂದಲೇ ಗುರುತು ಹಿಡಿಯಲಿ ಎಂದು ಒಂದೊಂದು ಕೋಣೆಯ ತೇಗದ ಬಾಗಿಲಿಗೆ ಒಂದೊಂದು ಬಗೆಯ ಕೆತ್ತನೆ ಮಾಡಿಸಿದ್ದರು. ಬಂದವರ ಕೈ ಹಿಡಿದು ಬಾಗಿಲ ಮೇಲಿಟ್ಟು, "ಮುಟ್ಟಿ ನೋಡ್ರಿ, ಮುಟ್ಟಿ ನೋಡ್ರಿ" ಅನ್ನುತ್ತಿದ್ದರು. ಆಮೇಲೆ ಕತ್ತೆತ್ತಿ, ಎರಡಂತಸ್ತಿನ ಎತ್ತರದಿಂದ ಇಳಿಬಿದ್ದ ಗಾಜಿನ ತೂಗುದೀಪ ತೋರಿಸುತ್ತಿದ್ದರು.

ಒಂದು ಮಧ್ಯಾಹ್ನ ಹೋಳಿಗೆ ಕೊಡಲು ಹೋದೆ. ಆ ಅಮ್ಮ ವಿಶಾಲವಾದ ಪಡಸಾಲೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತು, "ಯಾರರ ಅದೀರೇನ್ರಿ?" ಎಂದು ಕೂಗುತ್ತಿದ್ದರು. ಯಾವ ಕಡೆಗೂ ಗೋಡೆ ಕೈಗೆ ಸಿಗುತ್ತಿರಲಿಲ್ಲ. ಯಜಮಾನರು ಮೆಟ್ಟಿಲಿಳಿದು ಓಡಿಬಂದು ಹಿಡಿದುಕೊಂಡರು.

"ನಮ್ಮ ಹಳೀ ಮನಿಗೆ ಹೋಗೋಣ್ರಿ," ಎಂದರು ಆಕೆ. "ಅಲ್ಲಿ ನಾಕು ಹೆಜ್ಜಿಗೆ ಅಡಿಗಿಮನಿ, ಆರು ಹೆಜ್ಜಿಗೆ ಹಿತ್ತಲ. ಅಲ್ಲಿ ನನಗ ಎಲ್ಲಾ ಕಾಣತೈತಿ."

ಮರುವಾರ ಗೇಟಿಗೆ ಮಾರಾಟದ ಬೋರ್ಡು ಬಂತು.

ಅವರು ಹೊರಟ ದಿನ ತಡೆಯಲಾಗದೆ ಕೇಳಿದೆ, "ಇಷ್ಟು ಆಸೆಪಟ್ಟು ಕಟ್ಟಿಸಿದ ಮನಿ ಮಾರ್ತೀರೇನ್ರಿ?"

ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆಕಿ ಸಲುವಾಗೇ ಕಟ್ಟಿಸಿದೆ. ಆದ್ರ ಎಂಥಾ ಮನಿ ಬೇಕಂತ ಆಕಿನ್ನ ಒಂದ್ಸಲಾನೂ ಕೇಳಲಿಲ್ಲ ನೋಡ್ರಿ."