ಮಗಳಿಗೆ ಶಾಲೆ ನೋಡಲು ಹೋದದ್ದು

ಮಗಳ ಏಳನೇ ತರಗತಿ ಮುಗಿದಿತ್ತು. ಊರಿನ ಸರ್ಕಾರಿ ಪ್ರೌಢಶಾಲೆ ಮನೆಯಿಂದ ಕೂಗಳತೆಯಲ್ಲಿದೆ. ಮಳವಳ್ಳಿಯ ಖಾಸಗಿ ಶಾಲೆಗಾದರೆ ವ್ಯಾನು ಹತ್ತಬೇಕು. “ಮಳವಳ್ಳಿಗೇ ಆಕ್ಬುಡು, ಇಲ್ಲೇನದೆ?” ಎಂದರು ನಮ್ಮ ಯಜಮಾನರು. ನೋಡದೆ ಹೇಗೆ ಹೇಳುವುದು? ಶಾಲೆ ಶುರುವಾದ ವಾರ ನಾನೇ ಹೋದೆ.

ಮುಖ್ಯೋಪಾಧ್ಯಾಯರು ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಗಣಿತದ ಪಾಠ ನಡೆಯುತ್ತಿತ್ತು. ಲೆಕ್ಕ ತಪ್ಪಿದ ಹುಡುಗಿಯೊಬ್ಬಳನ್ನು ಮೇಡಂ ಬೈಯಲಿಲ್ಲ. ಬೋರ್ಡಿನ ಹತ್ತಿರ ಕರೆದು, ಎಲ್ಲಿ ತಪ್ಪಿತೆಂದು ಅವಳಿಂದಲೇ ಹುಡುಕಿಸಿದರು. ನಾನು ಓದುವಾಗ ಇಂಥವರು ಸಿಕ್ಕಿರಲಿಲ್ಲ. ವಿಜ್ಞಾನದ ಮೇಷ್ಟರು ವರ್ಗವಾಗಿ ಹೋಗಿ ಆ ಜಾಗ ಖಾಲಿಯಿತ್ತು. ಆದರೂ ಇಲ್ಲಿಗೇ ಸೇರಿಸೋಣ ಅಂದುಕೊಂಡೆ.

ಬಿಡುವಿನಲ್ಲಿ ಅದೇ ಹುಡುಗಿಯನ್ನು ಶೌಚಾಲಯ ಎಲ್ಲಿ ಎಂದು ಕೇಳಿದೆ.

“ಬೀಗ ಆಕವ್ರೆ ಕಣಕ್ಕ, ನೀರು ಬರಕಿಲ್ಲ. ನಾವೆಲ್ಲ ಇಂದ್ಗಡೆ ಕಬ್ಬಿನ ಗದ್ದೆಗೋಯ್ತೀವಿ.”

“ಕಬ್ಬು ಕಡಿದ ಮೇಲೆ?”

“ಆಗ ಬೆಳಗ್ಗಿಂದ ನೀರೇ ಕುಡಿಯಕಿಲ್ಲ,” ಎಂದಳು, ನಾಚಿಕೆಯೂ ಇಲ್ಲದೆ, ದೂರೂ ಇಲ್ಲದೆ.

ಮುಖ್ಯೋಪಾಧ್ಯಾಯರನ್ನು ಕೇಳಿದರೆ, ಬೋರ್‌ವೆಲ್ ಕೆಟ್ಟಿದೆ, ಪಂಚಾಯ್ತಿಗೆ ಹೇಳಿ ಹೇಳಿ ಸಾಕಾಗಿದೆ ಎಂದರು. ನನ್ನ ಮಗಳು ಆಗಷ್ಟೇ ಮೈನೆರೆದಿದ್ದಳು. ಗೇಟಿನ ಬಳಿ ಗಣಿತದ ಮೇಡಂ ಸಿಕ್ಕರು.

“ಸೇರಿಸ್ತೀರಾ?”

ನಾನು ಬೀಗ ಹಾಕಿದ ಶೌಚಾಲಯದ ಕಡೆ ನೋಡಿದೆ. ಅವರಿಗೆ ಅರ್ಥವಾಯಿತು.

“ನಾನೂ ಅಷ್ಟೇ ಕಣ್ರೀ, ಮನೆಗೆ ಹೋಗೋ ತನಕ ನೀರು ಮುಟ್ಟಲ್ಲ,” ಎಂದು ಹೇಳಿ ಒಳಗೆ ಹೋದರು.

ಮಗಳನ್ನು ಮಳವಳ್ಳಿಗೆ ಸೇರಿಸಿದೆವು. ನಾನು ಸುಮ್ಮನೆ ಕೂರಲಿಲ್ಲ. ಕೆಲವು ತಾಯಂದಿರ ಜೊತೆ ಪಂಚಾಯ್ತಿಗೆ ಹೋದೆ. “ನೋಡಣ ಬುಡ್ರವ್ವ” ಎಂದರು. ಮತ್ತೆ ಹೋದೆವು. ಅದೇ ಮಾತು. ಅಷ್ಟರಲ್ಲಿ ಗದ್ದೆಯ ಕಬ್ಬು ಕಾರ್ಖಾನೆಗೆ ಹೋಯಿತು, ಶಾಲೆಯ ಹಿಂದೆಲ್ಲ ಬಯಲಾಯಿತು. ಆ ಹುಡುಗಿಗೆ ಉರಿಮೂತ್ರ, ಜ್ವರ. ಆಸ್ಪತ್ರೆಗೆ ತೋರಿಸಿಕೊಂಡು ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ.

ಬೇಸಿಗೆ ರಜೆಯಲ್ಲಿ ಕೊನೆಗೂ ಶಾಲೆಗೆ ನಲ್ಲಿ ನೀರು ಬಂತು, ಶೌಚಾಲಯದ ಬೀಗ ತೆಗೆದರು. ಹೇಳಿಬರೋಣವೆಂದು ಹುಡುಗಿಯ ಮನೆಗೆ ಹೋದೆ. ಅವಳು ಮನೆಯಲ್ಲಿರಲಿಲ್ಲ. ಅವಳವ್ವ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದಳು.

“ಮದ್ದೂರಲ್ಲಿ ನಮ್ ತಂಗಿ ಮನೇಲಿ ಬುಟ್ಟಿವ್ನಿ, ಅವಳ ಕೂಸ್ ನೋಡ್ಕಳಕ್ಕೆ. ಇನ್ನೇನ್ ಓದಾಳು, ಬುಡಕ್ಕ.”

“ಈಗ ನೀರು ಬಂದಿದೆ, ಕರೆಸು. ಮೇಡಂ ಒಳ್ಳೆಯವರು. ಹುಡುಗಿ ಚುರುಕಾಗಿದ್ದಾಳೆ.”

ಅವಳು ಮೊರದಿಂದ ತಲೆಯೆತ್ತಿ ನನ್ನ ಮುಖ ನೋಡಿದಳು.

“ಅಷ್ಟೊಂದ್ ಚೆಂದಾಗಿದ್ರೆ ನಿನ್ ಮಗಳ್ನ ಮೊದ್ಲು ಅಲ್ಲಿಗಾಕು. ಆಮೇಲ್ ಬಂದು ನಂಗೇಳು.”

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಕುಡಿಯಲು ಮಜ್ಜಿಗೆ ಕೊಟ್ಟಳು, ಕುಡಿದು ಬಂದೆ. ಮನೆಯಲ್ಲಿ ಮಗಳನ್ನು ಕೇಳಿದೆ, ಊರ ಶಾಲೆಗೆ ಬರುತ್ತೀಯಾ ಎಂದು. ಗೆಳತಿಯರನ್ನು ಬಿಟ್ಟು ಬರುವುದಿಲ್ಲ ಎಂದಳು. ಜೂನ್‌ನಲ್ಲಿ ಅವಳು ಮತ್ತೆ ಮಳವಳ್ಳಿಯ ವ್ಯಾನು ಹತ್ತಿದಳು. ಆ ಹುಡುಗಿ ಇನ್ನೂ ಮದ್ದೂರಿನಲ್ಲೇ ಇದ್ದಾಳಂತೆ.